ಬಿಳುಪು: ಬಳಿದದ್ದೋ, ಬೆಳಗಿದ್ದೋ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನ ಒಂದು ಮನೆಯಲ್ಲಿ ಬಲಿಪೂಜೆ ಅರ್ಪಿಸಲು ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಆ ಮನೆಯ ಬಾಲಕಿಯೊಬ್ಬಳು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾಗುತ್ತಿದ್ದಳು. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಪ್ರಬೋಧನೆ ಮಾಡಿದೆ. ಪಾಪದಿಂದ ನಮ್ಮ ಆತ್ಮ ಕಪ್ಪಾಗುತ್ತದೆ, ದೇವರ ವರಪ್ರಸಾದ ಅದನ್ನು ಬೆಳ್ಳಗೆ ಮಾಡುತ್ತದೆ ಎಂದೆ. ಎಷ್ಟೋ ಸಲ ಹೇಳಿದ್ದ ಮಾತು ಅದು, ನಾಲಿಗೆಗೆ ಅಭ್ಯಾಸವಾಗಿತ್ತು.

ಪೂಜೆಯ ನಂತರ ನನ್ನ ಬಿಳಿ ನಿಲುವಂಗಿಯನ್ನು ಮಡಚುತ್ತಿದ್ದಾಗ ಆಕೆ ಹತ್ತಿರ ಬಂದಳು. ತನ್ನ ಕೈಯನ್ನು ಆ ಬಟ್ಟೆಯ ಪಕ್ಕದಲ್ಲಿಟ್ಟು ನೋಡಿಕೊಂಡು, "ಸ್ವಾಮಿ, ನಾನು ಕಪ್ಪಗಿದ್ದೀನಲ್ಲ, ಬಿಳಿ ಗೌನು ನಂಗೆ ಒಪ್ಪುತ್ತಾ?" ಎಂದು ಕೇಳಿದಳು. "ಸುಮ್ನಿರವ್ವ, ಸ್ವಾಮಿಯೋರನ್ನ ಹಂಗೆಲ್ಲ ಕೇಳ್ಬಾರ್ದು" ಎಂದು ಅಜ್ಜಿ ಗದರಿದರು. ನಾನು ನಕ್ಕು, "ಚೆನ್ನಾಗಿ ಒಪ್ಪುತ್ತದೆ ಮಗಳೇ" ಎಂದೆ. ಆದರೆ ಆ ಪ್ರಶ್ನೆ ದಾರಿಯುದ್ದಕ್ಕೂ ನನ್ನ ಜೊತೆ ಬಂತು. ಆ ಮಗು ಕೇಳಿದ್ದು ಬಟ್ಟೆಯ ವಿಷಯವನ್ನಲ್ಲ. ದೇವರು ಬೆಳ್ಳಗೆ ಮಾಡುವುದಾದರೆ, ಕಪ್ಪಗಿರುವ ನಾನು ಆತನಿಗೆ ಬೇಡವಾದವಳೇ ಎಂದು ಕೇಳಿದ್ದಳು. ಪ್ರಶ್ನೆ ಅವಳದಾದರೂ ಅದನ್ನು ಹುಟ್ಟಿಸಿದ್ದು ನನ್ನ ಮಾತು.

ನಾನು ಮಡಚುತ್ತಿದ್ದ ಆ ನಿಲುವಂಗಿಯ ಹೆಸರು 'ಆಲ್ಬ್'. ಬಿಳಿ ಎಂಬ ಅರ್ಥದ 'ಆಲ್ಬುಸ್' ಎಂಬ ಲತೀನ್ ಪದದಿಂದ ಬಂದದ್ದು. ಗುರುಮಠದಲ್ಲಿ ಲತೀನ್ ಕಲಿಯುವಾಗ ಅರ್ಥವನ್ನು ಕಂಠಪಾಠ ಮಾಡಿ ಮುಂದೆ ಸಾಗಿದ್ದೆವು. ಆ ಮಗುವಿನ ಪ್ರಶ್ನೆಯ ನಂತರವೇ ಈ ಪದ ಯಾವ ಯಾವ ಊರು ಸುತ್ತಿದೆ ಎಂದು ನಾನು ಹಿಂದಿರುಗಿ ನೋಡಿದ್ದು.

ಪ್ರಾಚೀನ ರೋಮಿನಲ್ಲಿ ಸುಣ್ಣ ಬಳಿದ ಹಲಗೆಯ ಮೇಲೆ ಸಾರ್ವಜನಿಕ ಪ್ರಕಟಣೆಗಳನ್ನು ಬರೆದು ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ಆ ಹಲಗೆಗೆ 'ಆಲ್ಬುಮ್' ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ವಿದ್ಯಾರ್ಥಿಗಳು ಗೆಳೆಯರ ಹಸ್ತಾಕ್ಷರ ಪಡೆಯುತ್ತಿದ್ದ ಖಾಲಿ ಹಾಳೆಗಳ ಪುಸ್ತಕಕ್ಕೂ ಅದೇ ಹೆಸರಾಯಿತು. ಇಂದು ನಮ್ಮ ಹಳ್ಳಿಯ ಮನೆಗಳಲ್ಲಿ ನೆಂಟರು ಬಂದಾಗ ಪೆಟ್ಟಿಗೆಯಿಂದ ಹೊರತೆಗೆಯುವ ಮದುವೆಯ ಆಲ್ಬಂ ಅದರ ಮೊಮ್ಮಗು. ಮೊಟ್ಟೆಯ ಬಿಳಿಯ ಭಾಗಕ್ಕೆ 'ಆಲ್ಬುಮೆನ್' ಎಂದರು. ಗರ್ಭಿಣಿಯರ ಮೂತ್ರಪರೀಕ್ಷೆಯಲ್ಲಿ ನಮ್ಮ ಆರೋಗ್ಯ ಕೇಂದ್ರದ ದಾದಿಯರು ಹುಡುಕುವ ಆಲ್ಬುಮಿನ್ ಕೂಡ ಅದೇ ಬಳ್ಳಿಯ ಕಾಯಿ. ಫ್ರೆಂಚರ 'ಓಬ್', ಸ್ಪ್ಯಾನಿಷರ 'ಆಲ್ಬಾ', ಪೋರ್ಚುಗೀಸರ 'ಆಲ್ವಾ' ಎಂಬ ಪದಗಳಿಗೆ ಎರಡು ಅರ್ಥಗಳಿವೆ. ಒಂದು ಯಾಜಕನ ನಿಲುವಂಗಿ, ಇನ್ನೊಂದು ಮುಂಜಾವು.

ಆಶ್ಚರ್ಯವೆಂದರೆ, ಈ ಭಾಷೆಗಳಲ್ಲಿ 'ಬಿಳಿ' ಎಂಬ ಬಣ್ಣವನ್ನೇ ಹೇಳುವಾಗ ಈ ಪದ ಬರುವುದಿಲ್ಲ. ಇಟಲಿಯವರು 'ಬಿಯಾಂಕೋ', ಫ್ರೆಂಚರು 'ಬ್ಲಾಂ', ಸ್ಪ್ಯಾನಿಷರು 'ಬ್ಲಾಂಕೋ', ಪೋರ್ಚುಗೀಸರು 'ಬ್ರಾಂಕೋ' ಎನ್ನುತ್ತಾರೆ. ಇವೆಲ್ಲ ಹೊಳೆಯುವುದು ಎಂಬ ಅರ್ಥದ ಜರ್ಮಾನಿಕ್ ಪದದಿಂದ ಬಂದವು. ಆದರೆ ರುಮೇನಿಯನ್ನರು ಇಂದಿಗೂ ಬಿಳಿ ಬಣ್ಣಕ್ಕೆ 'ಆಲ್ಬ್' ಎಂದೇ ಹೇಳುತ್ತಾರೆ. ಬೇರೆ ಹಲವು ಕಡೆ ಬಣ್ಣದ ಪಟ್ಟವನ್ನು ಬೇರೊಂದು ಪದಕ್ಕೆ ಬಿಟ್ಟುಕೊಟ್ಟು, ಆಲ್ಬುಸ್‌ನ ಮಕ್ಕಳು ಮುಂಜಾವಿನಲ್ಲೂ ಪೂಜಾವಸ್ತ್ರದಲ್ಲೂ ನೆಲೆನಿಂತರು. ಇಂಗ್ಲಿಷಿನ 'ಆಬರ್ನ್' ಎಂಬ ಪದದ ಕಥೆ ಇನ್ನೂ ವಿಚಿತ್ರ. ಅದರ ಮೂಲ ಅರ್ಥ ಬಿಳಿಚು. ಕಂದು ಎಂಬ ಅರ್ಥದ 'ಬ್ರೌನ್' ಪದದ ಸದ್ದಿನೊಡನೆ ಬೆರೆತುಹೋಗಿ, ಇಂದು ಅದು ಕೆಂಪುಗಂದು ಕೂದಲನ್ನು ಹೇಳುತ್ತದೆ. ಬಿಳಿ ಎಂಬುದೇ ಕಂದು ಎಂದಾಗಬಲ್ಲದಾದರೆ, ಬಣ್ಣದ ಹೆಸರಿಗೆ ನಾವು ಕಟ್ಟಿದ ಮರ್ಯಾದೆ ಎಷ್ಟು ಗಟ್ಟಿಯಾದದ್ದು?

ನಮ್ಮ ಭಾಷೆಗಳನ್ನೂ ನೋಡೋಣ. ಬಿಳಿ, ಬೆಳ್ಳಿ, ಬೆಳಕು, ಬೆಳಗು, ಬೆಳದಿಂಗಳು, ಹೊಲದಲ್ಲಿ ಎತ್ತಿನ ಹಿಂದೆ ನಡೆಯುವ ಬೆಳ್ಳಕ್ಕಿ, ಅಡಿಗೆಮನೆಯ ಬೆಳ್ಳುಳ್ಳಿ, ಎಲ್ಲವೂ ಒಂದೇ ಬೇರಿನವು. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿಗೆ ಹೋದರೆ ಅಲ್ಲಿನವರು ಬೆಳಕಿಗೆ 'ವೆಳಿಚ್ಚಂ' ಎನ್ನುತ್ತಾರೆ, ನಸುಕಿನಲ್ಲಿ ಎನ್ನಲು 'ವೆಳುಪ್ಪಿನ್' ಎನ್ನುತ್ತಾರೆ. ತುಳುವರಿಗೆ ಬಿಳಿ 'ಬೊಲ್ದು', ಬೆಳಕು 'ಬೊಲ್ಪು'. ತೆಲುಗರಿಗೆ ಬೆಳಕು 'ವೆಲುಗು'. ಲತೀನಿಗೂ ನಮ್ಮ ನುಡಿಗಳಿಗೂ ರಕ್ತಸಂಬಂಧವಿಲ್ಲ. ಆದರೂ ಅವರೂ ನಾವೂ ಬಿಳುಪಿನ ಪದದಿಂದಲೇ ಮುಂಜಾವಿಗೆ ಹೆಸರು ಕಟ್ಟಿಕೊಂಡೆವು. ಬೆಳಿಗ್ಗೆ ಎದ್ದು ಬಾಗಿಲು ತೆರೆದ ಮನುಷ್ಯ ಎಲ್ಲಿಯವನಾದರೂ ಮೊದಲು ಕಂಡ ಬಿಳುಪು ಚರ್ಮದ್ದಲ್ಲ, ಆಕಾಶದ್ದು.

ಈ ಪದಕುಟುಂಬದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ದೆಆಲ್ಬಾರೆ' ಎಂಬ ಕ್ರಿಯಾಪದ. ಬೆಳ್ಳಗೆ ಮಾಡು ಎಂದು ಅದರ ಅರ್ಥ. ಲತೀನ್ ಬೈಬಲಿನ 51ನೇ ಕೀರ್ತನೆಯಲ್ಲಿ (ಅಲ್ಲಿನ ಎಣಿಕೆಯಂತೆ 50) ಪಶ್ಚಾತ್ತಾಪಪಟ್ಟವನು ದೇವರನ್ನು ಬೇಡುವಾಗ ಈ ಪದ ಬರುತ್ತದೆ. ಯಾಜಕನು ಆಲ್ಬ್ ಧರಿಸುವಾಗ ಹೇಳುವ ಹಳೆಯ ಲತೀನ್ ಪ್ರಾರ್ಥನೆಯೂ ಇದೇ ಪದದಿಂದ ಆರಂಭವಾಗುತ್ತದೆ. ಆದರೆ ಸಂತ ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಪಟ ಧರ್ಮಪಂಡಿತರನ್ನೂ ಫರಿಸಾಯರನ್ನೂ ಸುಣ್ಣ ಬಳಿದ ಸಮಾಧಿಗಳಿಗೆ ಹೋಲಿಸುವಲ್ಲಿಯೂ ಅದೇ ಪದವಿದೆ. ಇಂಗ್ಲಿಷಿನಲ್ಲಿ ಒರಟಾಗಿ ಮೆತ್ತುವುದಕ್ಕೆ ಹೇಳುವ 'ಡಾಬ್' ಎಂಬ ಪದವೂ ಇದರ ಸಂತಾನವೇ.

ಅಂದರೆ ಹೃದಯ ಶುದ್ಧವಾಗುವುದಕ್ಕೂ ಗೋರಿಗೆ ಸುಣ್ಣ ಬಳಿಯುವುದಕ್ಕೂ ಒಂದೇ ಪದ. ವ್ಯತ್ಯಾಸ ಬಣ್ಣದಲ್ಲಿಲ್ಲ. ಒಂದು ಒಳಗಿರುವುದನ್ನು ಕಾಣಿಸುತ್ತದೆ, ಇನ್ನೊಂದು ಮುಚ್ಚುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಪ್ರಕಟನಾ ಗ್ರಂಥದ 7ನೇ ಅಧ್ಯಾಯದಲ್ಲಿ ಸಕಲ ಜನಾಂಗಗಳಿಂದ ಬಂದ ಮಹಾಸಮೂಹವು ತನ್ನ ಉಡುಪುಗಳನ್ನು ಕುರಿಮರಿಯ ರಕ್ತದಲ್ಲಿ ತೊಳೆದು ಬೆಳ್ಳಗೆ ಮಾಡಿಕೊಂಡಿತೆಂದು ಓದುತ್ತೇವೆ. ರಕ್ತದಲ್ಲಿ ಅದ್ದಿದ ಬಟ್ಟೆ ಬೆಳ್ಳಗಾಗುವುದುಂಟೇ? ಬಣ್ಣದ ಲೆಕ್ಕದಲ್ಲಿ ಇಲ್ಲ. ಅಲ್ಲಿನ ಬಿಳುಪು ಬಣ್ಣವಲ್ಲ. ಅದು ಪ್ರೀತಿಗಾಗಿ ತೆತ್ತ ಬೆಲೆ.

ನಾವಾದರೋ ಇದನ್ನು ಚರ್ಮಕ್ಕೆ ಇಳಿಸಿಬಿಟ್ಟೆವು. ವಧು ಬೇಕೆಂಬ ಜಾಹೀರಾತಿನಲ್ಲಿ 'ಬೆಳ್ಳಗಿರಬೇಕು' ಎಂದು ಬರೆದೆವು. ಮನೆಮಾತಾಗಿದ್ದ ಒಂದು ಮುಖದ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ಕೈಬಿಟ್ಟಿತು. ಆದರೆ ಡಬ್ಬಿಯ ಮೇಲಿನ ಹೆಸರು ಬದಲಾದಷ್ಟು ಸುಲಭವಾಗಿ ಮನಸ್ಸು ಬದಲಾಗುವುದಿಲ್ಲ. ಇತರರನ್ನು ದೂರುವ ಮೊದಲು ನನ್ನ ಪ್ರಬೋಧನೆಯನ್ನೇ ದೂರಬೇಕು. ಯೋಚಿಸದೆ ಆಡಿದ ಒಂದು ಹೋಲಿಕೆಯಿಂದ ನಾನು ಒಂದು ಮಗುವಿನ ಮೈಬಣ್ಣಕ್ಕೆ ಪಾಪದ ಹೆಸರಿಟ್ಟಿದ್ದೆ.

ಆಕೆಯ ಪ್ರಥಮ ಪರಮಪ್ರಸಾದದ ದಿನ ಕಪ್ಪು ಬಿಳುಪಿನ ಹೋಲಿಕೆಯನ್ನು ಬಿಟ್ಟುಬಿಟ್ಟೆ. ದೀಕ್ಷಾಸ್ನಾನದಲ್ಲಿ ನಮಗೆ ಎರಡು ವಸ್ತುಗಳನ್ನು ಕೊಡುತ್ತಾರೆ ಎಂದು ಮಕ್ಕಳಿಗೆ ನೆನಪಿಸಿದೆ. ಒಂದು ಬಿಳಿಯ ಉಡುಪು, ಇನ್ನೊಂದು ಹೊತ್ತಿಸಿದ ಮೇಣದ ಬತ್ತಿ. ಲತೀನಿನಲ್ಲಿ ಹೊಳೆಯುವ ಬಿಳುಪಿಗೆ 'ಕಾಂದಿದುಸ್' ಎಂಬ ಬೇರೆ ಪದವಿತ್ತು. ಬತ್ತಿಗೆ ಹೇಳುವ 'ಕ್ಯಾಂಡಲ್' ಅದರ ಬಂಧು. ಬಿಳುಪು ಬಳಿದ ವಸ್ತ್ರ ಧರಿಸಿ ಮತ ಕೇಳಲು ಬರುತ್ತಿದ್ದ ರೋಮಿನ 'ಕ್ಯಾಂಡಿಡೇಟ್' ಕೂಡ ಅದೇ ಮನೆತನದವನು. ಆದಿಸಭೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರು ಪುನರುತ್ಥಾನದ ವಾರವೆಲ್ಲ ಬಿಳಿಯುಟ್ಟು, ವಾರದ ಕೊನೆಗೆ ಅದನ್ನು ತೆಗೆದಿಡುತ್ತಿದ್ದರು. ಆದ್ದರಿಂದಲೇ ಮುಂದಿನ ಭಾನುವಾರಕ್ಕೆ ಲತೀನಿನಲ್ಲಿ ಬಿಳಿಯುಡುಪಿನ ಭಾನುವಾರ ಎಂಬ ಹೆಸರು ಬಂತು. ಉಡುಪು ಎಂಟು ದಿನದ್ದು. ಬೆಳಕು ಬಾಳಿನುದ್ದಕ್ಕೂ ಹೊತ್ತು ನಡೆಯಬೇಕಾದದ್ದು.

ಆ ಮಗು ಎರಡೂ ಕೈಗಳಿಂದ ಬತ್ತಿಯನ್ನು ಹಿಡಿದು ನಿಂತಿದ್ದಳು. ರಾಗಿಯ ಬಣ್ಣದ ಆ ಪುಟ್ಟ ಕೈಗಳನ್ನು ಬತ್ತಿಯ ಬೆಳಕು ಬೆಳ್ಳಗೆ ಮಾಡಲಿಲ್ಲ, ಅವು ಇದ್ದಂತೆಯೇ ಕಾಣುವಂತೆ ಮಾಡಿತು. ಮುಂಜಾವೂ ಅಷ್ಟೇ. ಅದು ಮರಕ್ಕೆ ಮರದ ಬಣ್ಣವನ್ನು, ಮಣ್ಣಿಗೆ ಮಣ್ಣಿನ ಬಣ್ಣವನ್ನು ಹಿಂದಿರುಗಿಸುತ್ತದೆ. ಆಲ್ಬ್ ಧರಿಸುವಾಗಲೆಲ್ಲ ನಾನೀಗ ಬೇಡುವುದು ಈ ಬಿಳುಪನ್ನು. ನನ್ನನ್ನು ಮುಚ್ಚುವಂಥದನ್ನಲ್ಲ, ನನ್ನ ಎದುರಿಗಿರುವವರು ತಮ್ಮ ತಮ್ಮ ಬಣ್ಣದಲ್ಲೇ ದೇವರಿಗೆ ಪ್ರಿಯರೆಂದು ನನಗೆ ಕಾಣಿಸುವಂಥದನ್ನು.