ಸಿಮೆಂಟ್ ತಿಂದ ಕೈ

ಗಾರೆ ಕೆಲಸದವರ ಒಡೆದ ಅಂಗೈ ಕಂಡರೆ ದುಡಿಮೆಯ ಗುರುತು ಎಂದು ಹೊಗಳಿ ಮುಂದೆ ಹೋಗುವುದು ನಮ್ಮ ರೂಢಿ. ಹೊಗಳುವುದಕ್ಕೆ ಖರ್ಚೇನಿದೆ! 'ಸಿಮೆಂಟ್ ತಿಂದದೆ ಬಿಡ್ರಿ' ಎಂದು ಅವರೂ ಹಗುರವಾಗಿಯೇ ಹೇಳುತ್ತಾರೆ. ಆದರೆ ಆ ಬಿರುಕಿಗೆ ಬಿಸಿ ಸಾರು ತಗುಲಿದರೆ ಏನಾಗುತ್ತದೆ ಎಂಬುದನ್ನು ಕೈಯಲ್ಲಿ ಕಲಸಿ ಉಣ್ಣುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನೀರು ಬೆರೆತ ಸಿಮೆಂಟ್ ಪ್ರಬಲ ಕ್ಷಾರ. ಅದರ ಪಿಎಚ್ 12 ದಾಟುತ್ತದೆ. ದಿನವಿಡೀ ಕಲಸುವ ಕೈಯ ಜಿಡ್ಡನ್ನು ಕ್ಷಾರ ತೆಗೆಯುತ್ತದೆ, ಮರಳು ಚರ್ಮವನ್ನು ತರಚುತ್ತದೆ. ಈ ಬಗೆಯ ಉರಿ ಕೆಲಸ ನಿಂತರೆ ಬಹುಮಟ್ಟಿಗೆ ಇಳಿಯುತ್ತದೆ. ಇನ್ನೊಂದಿದೆ, ಅದು ಹಟಮಾರಿ. ಸಿಮೆಂಟಿನಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿರುವ ಹೆಕ್ಸಾವೆಲೆಂಟ್ ಕ್ರೋಮಿಯಂ ಚರ್ಮಕ್ಕಿಳಿದು ಅಲರ್ಜಿ ಹುಟ್ಟಿಸುತ್ತದೆ. ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಶುರುವಾದ ಅಲರ್ಜಿ ಸಾಮಾನ್ಯವಾಗಿ ಬದುಕಿರುವತನಕ ಬಿಡುವುದಿಲ್ಲ. ರಕ್ಷಣೆಗೆಂದು ಚರ್ಮದ ಗ್ಲೌಸ್ ಹಾಕಿದರೆ ಬೇರೆ ಫಜೀತಿ: ಆ ಚರ್ಮವನ್ನೂ ಬಹುಪಾಲು ಕ್ರೋಮಿಯಂನಲ್ಲೇ ಹದ ಮಾಡಿರುತ್ತಾರೆ.

ಚರ್ಮರೋಗ ಬದುಕನ್ನು ಎಷ್ಟು ಕೆಡಿಸಿದೆ ಎಂದು ಅಳೆಯಲು ವೈದ್ಯರ ಬಳಿ ಒಂದು ಪ್ರಶ್ನಾವಳಿ ಇದೆ. ಕಾರ್ಡಿಫ್‌ನ ಫಿನ್ಲೇ ಮತ್ತು ಖಾನ್ 1994ರಲ್ಲಿ ಪ್ರಕಟಿಸಿದ ಇದರ ಹೆಸರು ಡಿಎಲ್‌ಕ್ಯುಐ. ಹತ್ತು ಪ್ರಶ್ನೆ, 30 ಅಂಕ. ಅಂಕ ಏರಿದಷ್ಟೂ ಬದುಕು ಕೆಟ್ಟಿದೆ ಎಂದರ್ಥ. ಕಳೆದ ವಾರ ತುರಿಕೆ ಎಷ್ಟಿತ್ತು, ನಾಚಿಕೆಯಾಯಿತೇ, ಮನೆ-ತೋಟ ನೋಡಿಕೊಳ್ಳಲು ಅಡ್ಡಿಯಾಯಿತೇ, ಆಟ ಆಡಲು ಕಷ್ಟವಾಯಿತೇ, ಸಂಗಾತಿಯೊಡನೆ ತೊಂದರೆಯಾಯಿತೇ ಎಂದೆಲ್ಲ ಅದು ಕೇಳುತ್ತದೆ. ಗಾಯದ ಅಗಲ ನೋಡಿ ಸುಮ್ಮನಾಗದೆ ರೋಗಿಯನ್ನೇ ಕೇಳುವುದು ದೊಡ್ಡ ಮಾತೇ. ಆದರೂ ಯಾದಗಿರಿಯಿಂದ ಬಂದು ಬೆಂಗಳೂರಿನ ತಗಡಿನ ಷೆಡ್ಡಿನಲ್ಲಿರುವವನು ತೋಟದ, ಆಟದ ಪ್ರಶ್ನೆಗೆ ಏನು ಹೇಳಿಯಾನು? 'ನನಗೆ ಸಂಬಂಧವಿಲ್ಲ' ಎನ್ನುತ್ತಾನೆ. ಆ ಉತ್ತರಕ್ಕೆ ಸೊನ್ನೆ. ಚರ್ಮದಿಂದಾಗಿ ಕೆಲಸಕ್ಕೆ ಹೋಗಲಾಗಲಿಲ್ಲವೇ ಎಂಬ ಪ್ರಶ್ನೆಗೆ ಹೌದೆಂದರೆ ಮೂರು ಅಂಕ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕರಣೆ ಹಿಡಿದವನು ಹೋಗಿದ್ದೆ ಎನ್ನಬೇಕಾಗುತ್ತದೆ. ಅವನಿಗೆ ಹೆಚ್ಚೆಂದರೆ ಎರಡು. ಸಂಬಳದ ರಜೆ ಹಾಕಿ ಮಲಗಿದವನಿಗಿಂತ ಇವನ ಬದುಕು ಚೆನ್ನಾಗಿದೆ ಎಂದು ಕಾಗದ ಹೇಳುತ್ತದೆ.

ಅದು ಕೇಳದೆ ಬಿಟ್ಟದ್ದೂ ಇದೆ. ಹೀಗೆ ತುರಿಸಿ ಒಡೆಯುವ ಚರ್ಮದ ಕಾಯಿಲೆ, ಎಸ್ಜಿಮಾ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಆದರೆ ಮದುವೆ ಪಂಕ್ತಿಯಲ್ಲಿ ಪಕ್ಕದವರು ಕಜ್ಜಿಯೆಂದುಕೊಂಡು ಎಲೆ ಸರಿಸಿಕೊಳ್ಳುತ್ತಾರೆ. ಬೆರಳ ಗೆರೆ ಸವೆದವರ ಗುರುತು ಹಿಡಿಯದೆ ನ್ಯಾಯಬೆಲೆ ಅಂಗಡಿಯ ಯಂತ್ರ ಸತಾಯಿಸುತ್ತದೆ: ಕೈ ಒರೆಸಿಕೊಂಡು ಬಾ, ಇನ್ನೊಂದು ಬೆರಳು ಇಡು, ನಾಳೆ ಬಾ. ಹೆಂಡತಿಯೂ ಅದೇ ಕಟ್ಟಡದಲ್ಲಿ ಬಾಂಡ್ಲಿ ಹೊರುವವಳಾದರೆ ಸಂಜೆ ಅದೇ ಕೈಯಲ್ಲಿ ಪಾತ್ರೆ ತಿಕ್ಕಿ, ಖಾರ ಅರೆದು, ರೊಟ್ಟಿ ಬಡಿಯಬೇಕು. ಗಂಡನ ಕೈಗೆ ರಾತ್ರಿಯಾದರೂ ಬಿಡುವುಂಟು.

ಯಾವುದರ ಅಲರ್ಜಿ ಎಂದು ತಿಳಿಯಲು ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ನೀರು, ಬೆವರು ತಾಕದಂತೆ ಇರಬೇಕು. ತೆಗೆಸಿ ತೋರಿಸಲು ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಹೋಗಬೇಕು. ಬೆವರದೆ ಎರಡು ದಿನ! ವಾರದ ಕೂಲಿ ಅಲ್ಲಿಗೆ ಮುಗಿಯಿತು. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿಕೊಳ್ಳುತ್ತಾರೆ. ಎಷ್ಟೋ ಸಲ ಅದು ಸ್ಟೀರಾಯ್ಡ್. ನಾಲ್ಕು ದಿನ ಹಾಯೆನಿಸುತ್ತದೆ, ಲೆಕ್ಕವಿಲ್ಲದೆ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ವೈದ್ಯರ ಬಳಿಗೆ ಹೋದರೆ ಈ ಕೆಲಸ ಬಿಡಿ ಎನ್ನುತ್ತಾರೆ. ವೈದ್ಯಶಾಸ್ತ್ರದ ಪ್ರಕಾರ ಸರಿಯಾದ ಮಾತೇ. ಆದರೆ ಇಪ್ಪತ್ತು ವರ್ಷ ದುಡಿದು ಮೇಸ್ತ್ರಿಯಾದವನು ಅದನ್ನು ಕೇಳಿ ಹೊರಬಂದು ಮತ್ತೆ ಕರಣೆಯನ್ನೇ ಹಿಡಿಯುತ್ತಾನೆ.

ಡೆನ್ಮಾರ್ಕ್ 1980ರ ದಶಕದಲ್ಲೇ ಮದ್ದನ್ನು ಸಿಮೆಂಟಿಗೆ ಹಾಕಿತು. ಫೆರಸ್ ಸಲ್ಫೇಟ್ ಬೆರೆಸಿದರೆ ಆ ಕ್ರೋಮಿಯಂ ಚರ್ಮಕ್ಕೆ ಸುಲಭವಾಗಿ ಇಳಿಯದ ರೂಪಕ್ಕೆ ತಿರುಗುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯ ಲವಣವೇ ಅದು, ದುಬಾರಿಯದ್ದಲ್ಲ. ಆಮೇಲೆ ಅಲ್ಲಿನ ಕಟ್ಟಡ ಕಾರ್ಮಿಕರಲ್ಲಿ ಕ್ರೋಮಿಯಂ ಅಲರ್ಜಿ ಇಳಿಯಿತು. 2005ರಿಂದ ಯುರೋಪ್ ಒಕ್ಕೂಟ ಸಿಮೆಂಟಿನಲ್ಲಿರುವ ಈ ಕ್ರೋಮಿಯಂಗೆ ಹತ್ತು ಲಕ್ಷ ಭಾಗಕ್ಕೆ ಎರಡು ಭಾಗದ ಮಿತಿ ಹಾಕಿತು. ನಮ್ಮ ಸಿಮೆಂಟ್ ಜಾಹೀರಾತುಗಳು ಗೋಡೆಯ ಗಟ್ಟಿತನದಾಚೆ ಬಾಯಿ ಬಿಡುವುದಿಲ್ಲ.

ಕ್ಷಾರದ ಉರಿಗೆ ಮಾತ್ರ ಇದು ಔಷಧವಲ್ಲ. ಅದಕ್ಕೆ ನೀರು ಇಳಿಯದ ಗ್ಲೌಸ್ ಬೇಕು, ಕೈ ತೊಳೆಯಲು ಶುದ್ಧ ನೀರು ಬೇಕು. ಗೋಡೆಯ ಕ್ಯೂರಿಂಗ್‌ಗೆ ಟ್ಯಾಂಕರ್ ತರಿಸುವ ಎಷ್ಟೋ ಕಟ್ಟಡಗಳಲ್ಲಿ ಕೂಲಿಯವರು ಊಟಕ್ಕೆ ಮುಂಚೆ ಕೈ ತೊಳೆಯುವುದು ಕರಣೆ ಅದ್ದಿಟ್ಟ ಡ್ರಮ್ಮಿನಲ್ಲೇ.