ಸಾಯಲೊಲ್ಲದ ಹಸು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನನಗೊಂದು ಚಟ. ಪೇಟೆಬೀದಿಯ ಚಾರಿಟಿ ಶಾಪುಗಳಿಗೆ ನುಗ್ಗಿ, ಹಳೇ ಕೋಟುಗಳ ಸಾಲು ದಾಟಿ, ಮೂಲೆಯ ಆಟಿಕೆ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುವುದು. ಜನ ಬೇಡವೆಂದು ಕೊಟ್ಟ ಸಾಮಾನು ಮಾರಿ ಬಂದ ಹಣವನ್ನು ಧರ್ಮಕಾರ್ಯಕ್ಕೆ ಬಳಸುವ ಅಂಗಡಿಗಳಿವು. ಹೋದ ಸಲ 50 ಪೆನ್ಸ್‌ಗೆ ಒಂದು ಪ್ಲಾಸ್ಟಿಕ್ ಹಸು ಸಿಕ್ಕಿತು. ಕಪ್ಪು ಬಿಳಿ ಮಚ್ಚೆಯದು, ಹೊಟ್ಟೆಯಡಿ ‘ಬ್ರಿಟನ್ಸ್’ ಎಂಬ ಅಚ್ಚು. ಎಡಗಿವಿಯಿಲ್ಲ. ಕತ್ತಿನ ಮೇಲೆ ಹಾಲುಹಲ್ಲಿನ ಸಾಲುಗುರುತು. ಹಿಂಗಾಲಿನ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ‘ಆರ್’. ರಾಬರ್ಟನೋ, ರಾಧೆಯೋ, ಭಾರತೀಯ ಮೂಲದವರೂ ತುಂಬಿರುವ ಲೆಸ್ಟರ್‌ನಲ್ಲಿ ಎರಡೂ ಆಗಬಹುದು.

ಇಂಥದ್ದನ್ನು ಕಂಡಾಗ ನನಗೆ ರೋಲಾ ಬಾರ್ತ್ ನೆನಪಾಗುತ್ತಾನೆ. ಈ ಫ್ರೆಂಚ್ ಚಿಂತಕ 1957ರ ‘ಮಿಥಾಲಜೀಸ್’ನಲ್ಲಿ ಆಟಿಕೆಗಳ ಮೇಲೆ ಒಂದು ಪುಟ್ಟ ಪ್ರಬಂಧ ಬರೆದ. ತನ್ನ ಕಾಲದ ಆಟಿಕೆಗಳ ಮೇಲೆ ಅವನ ದೂರು ಎರಡು. ದೊಡ್ಡವರ ಜಗತ್ತನ್ನೇ ಕಿರಿದು ಮಾಡಿ ಕೈಗಿಡುವ ಇಂಥ ಆಟಿಕೆಯಿಂದ ಮಗು ಬರೀ ಬಳಕೆದಾರನಾಗುತ್ತದೆ, ಏನನ್ನೂ ಸೃಷ್ಟಿಸುವುದಿಲ್ಲ. ಎರಡನೆಯದಾಗಿ, ಮರದ ಆಟಿಕೆ ಮಗುವಿನ ಜೊತೆ ಬಾಳುತ್ತದೆ. ಪ್ಲಾಸ್ಟಿಕ್ಕಿನದು ಬೇಗ ಸಾಯುತ್ತದೆ, ಸತ್ತ ಮೇಲೆ ಅದಕ್ಕೆ ಬದುಕಿಲ್ಲ.

ಚನ್ನಪಟ್ಟಣದ ಮರದ ಆಟಿಕೆಗಳ ಅರಗಿನ ಬಣ್ಣ ನೋಡಿ ಬೆಳೆದ ನಾನು ಇದಕ್ಕೆ ತಲೆದೂಗಬೇಕಿತ್ತು. ಆದರೆ ನಮ್ಮ ಮನೆಯ ಮರದ ಕುದುರೆಯ ಕಥೆ ನನಗೆ ಗೊತ್ತಲ್ಲ! ಗಾಲಿ ಮುರಿದ ಮೇಲೆ ಅಜ್ಜಿ ಅದನ್ನು ಬಚ್ಚಲೊಲೆಗೆ ತುರುಕಿದಳು. ಮರಣೋತ್ತರ ಬದುಕು ಅಂದರೆ ಅದಕ್ಕೆ ಸಿಕ್ಕಿದ್ದು ಮಾರನೆಯ ದಿನ ಪಾತ್ರೆ ತಿಕ್ಕಿದ ಬೂದಿ. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಲಾರೆವು, ಗೊಬ್ಬರದ ಗುಂಡಿಯೂ ಅದನ್ನು ಅರಗಿಸಿಕೊಳ್ಳದು. ಹಾಗಾಗಿ ಅದು ಅಟ್ಟಕ್ಕೆ, ಅಲ್ಲಿಂದ ಬುಟ್ಟಿಗೆ, ಬುಟ್ಟಿಯಿಂದ ನನ್ನ ಜೇಬಿಗೆ ಬರುತ್ತದೆ. ಬಾರ್ತ್ ಸಾವೆಂದು ಕರೆದದ್ದು ಮಗುವಿಗೆ ಬಂದ ಬೇಸರವನ್ನು. ಬೇಸರಕ್ಕೆ ಹಸು ಸಾಯುವುದಿಲ್ಲ.

ಮಗು ಏನನ್ನೂ ಸೃಷ್ಟಿಸದೆಂಬ ಮೊದಲ ದೂರಿಗೂ ಇಂಥ ಬುಟ್ಟಿಯಲ್ಲೇ ಉತ್ತರವಿದೆ. ಹಾಂಗ್‌ಕಾಂಗ್‌ನ ಅಚ್ಚುಗಳಿಂದ ಒಂದು ಕಾಲಕ್ಕೆ ಚೀಲಗಟ್ಟಲೆ ‘ಇತಿಹಾಸಪೂರ್ವ ಪ್ರಾಣಿ’ಗಳು ಬರುತ್ತಿದ್ದವು. ಡೈನೋಸಾರ್‌ಗಳ ನಡುವೆ, ಆಮೆಯೂ ಅಲ್ಲದ ಜೀರುಂಡೆಯೂ ಅಲ್ಲದ ಕುಲಗೆಟ್ಟ ರೂಪಗಳು. ಅಮೆರಿಕದ ಆಟ ರಚನೆಕಾರ ಗ್ಯಾರಿ ಗೈಗ್ಯಾಕ್ಸ್ ಅವನ್ನು ಮೇಜಿನ ಮೇಲಿಟ್ಟು ಆಡುತ್ತ ಆಡುತ್ತ ಹೆಸರು, ಹಸಿವು, ಸ್ವಭಾವ ಎಲ್ಲ ಕೊಟ್ಟ. ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ‘ರಸ್ಟ್ ಮಾನ್‌ಸ್ಟರ್’ ಹುಟ್ಟಿದ್ದು ಹಾಗೆ. 1975ರ ಹೊತ್ತಿಗೆ ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪುಸ್ತಕ ಸೇರಿತು. ಅಚ್ಚು ಕೊರೆದವನಿಗೆ ಪ್ರಾಣಿಶಾಸ್ತ್ರ ಬಂದಿದ್ದರೆ ಈ ಪ್ರಾಣಿ ಇರುತ್ತಿರಲಿಲ್ಲ.

ಹಾಗಾದರೆ ನಾನು ಸಂಗ್ರಹಿಸುತ್ತಿರುವುದೇನು? ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಹೇಳುವಂತೆ ಸಂಗ್ರಾಹಕನು ವಸ್ತುಗಳನ್ನು ಉಪಯೋಗದ ಜೀತದಿಂದ ಬಿಡಿಸುತ್ತಾನೆ. ಮಾತು ಚೆಂದ, ನನಗೆ ಒಪ್ಪಿಗೆ ಅರ್ಧ ಮಾತ್ರ. ಡಬ್ಬಿ ಒಡೆಯದೆ ಗಾಜಿನೊಳಗಿಡುವವರೂ ಸಂಗ್ರಾಹಕರೇ. ಅವರ ಆಟಿಕೆ ಉಪಯೋಗಕ್ಕೇ ಬಂದಿಲ್ಲ, ಬಿಡಿಸುವುದೇನು ಬಂತು? ನನ್ನ ಹಸುವಿಗೆ ಒಂದು ಕಿವಿಯಷ್ಟು ಜೀತ ಕಳೆದಿದೆ. ಕಾರ್ಖಾನೆಯಿಂದ ಬಂದ ದಿನ ಅದು ಸಾವಿರಾರು ಹಸುಗಳಲ್ಲಿ ಒಂದು, ಗುರುತಿಸಲು ಸಾಧ್ಯವೇ ಇರಲಿಲ್ಲ. ಅದಕ್ಕೊಂದು ಗುರುತು ಕೊಟ್ಟದ್ದು ಆ ಹಲ್ಲು. ಕೆಟ್ಟದ್ದೆಂದು ದೂಡಿದ ಕಾರಣವೇ ಅದನ್ನು ಅದಾಗಿಸಿದೆ, ಆ ‘ಆರ್’ ಯಾರೆಂದು ನನಗೆ ತಿಳಿಯದಿದ್ದರೂ.

ಒಂದು ಆಕ್ಷೇಪಣೆ ಮಾತ್ರ ನನ್ನನ್ನು ಬಹಳ ದಿನ ಚುಚ್ಚಿತು. ಗಲ್ಲಾದಲ್ಲಿ ಕೂತ ಹೆಂಗಸು ‘ಮೊಮ್ಮಗನಿಗಾ?’ ಎನ್ನುತ್ತಾಳೆ. ಹೌದೆಂದು ಸುಳ್ಳು ಹೇಳುತ್ತಿದ್ದೆ. 50 ಪೆನ್ಸ್‌ಗೆ ಯಾವುದೋ ಮಗುವಿಗೆ ಸಿಗಬೇಕಾದದ್ದನ್ನು ಮುದುಕ ಹೊತ್ತೊಯ್ಯುವುದು ಸರಿಯೇ? ಉತ್ತರ ಕೊಟ್ಟದ್ದು ಒಂದು ಸಂಶೋಧನೆ. 2018ರಲ್ಲಿ ಪ್ಲಿಮತ್ ವಿಶ್ವವಿದ್ಯಾಲಯದವರು ನೈಋತ್ಯ ಇಂಗ್ಲೆಂಡಿನ ಮನೆ, ಶಿಶುವಿಹಾರ, ಚಾರಿಟಿ ಶಾಪುಗಳಲ್ಲಿ ಸಿಕ್ಕ 200 ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ಕ್ಷಕಿರಣದಲ್ಲಿ ಪರೀಕ್ಷಿಸಿ ವರದಿ ಕೊಟ್ಟರು. ಹಳೆಯ ಹಳದಿ, ಕೆಂಪು, ಕಪ್ಪು ಆಟಿಕೆಗಳಲ್ಲಿ ಕ್ಯಾಡ್ಮಿಯಂ, ಸೀಸದಂಥ ವಿಷಗಳು ಸಿಕ್ಕಿದ್ದವು. ನನ್ನ ಹಸುವನ್ನು ಅಚ್ಚೊತ್ತಿದ ಬ್ರಿಟನ್ಸ್ ಕಂಪನಿ 1893ರಿಂದ ಟೊಳ್ಳು ಸೀಸದ ಸೈನಿಕರನ್ನು ಎರಕ ಹೊಯ್ದು ಹೆಸರು ಮಾಡಿ, 1966ರಲ್ಲಿ ಸೀಸ ಬಿಟ್ಟು ಪ್ಲಾಸ್ಟಿಕ್ಕಿಗೆ ಹೊರಳಿತ್ತು. ಸೀಸ ಅಲ್ಲಿಂದ ಹೋಗಿ ಇಲ್ಲಿ ಬಣ್ಣದೊಳಗೆ ಕೂತಿತ್ತು. ಅಂದರೆ ಸಾಯದಿರುವ ಗುಣವನ್ನು ನಾನು ಹೊಗಳಿದೆನಲ್ಲ, ವಿಷವೂ ಅದರ ಜೊತೆಗೇ ಬಾಳುತ್ತದೆ. ಇಂಥವನ್ನು ಬಾಯಿಗಿಡುವ ಮಗುವಿಗೆ ಕೊಡುವುದಕ್ಕಿಂತ, ಬಾಯಿಗಿಡದ ಮುದುಕನೊಬ್ಬನ ಕಪಾಟು ವಾಸಿ. ಈಗ ಆ ಹೆಂಗಸಿಗೆ ‘ಅಲ್ಲಮ್ಮ, ನನಗೇ’ ಎನ್ನುತ್ತೇನೆ. ನಗುತ್ತಾಳೆ. ನಗಲಿ.

ಬಾರ್ತ್‌ನನ್ನು ಸೋಲಿಸಿದೆ ಎಂದುಕೊಂಡಿದ್ದೆ. ಮೊನ್ನೆ ಕಪಾಟು ಒರೆಸಲು ಸಂಗ್ರಹದ ಖಡ್ಗಮೃಗವೊಂದನ್ನು ಎತ್ತಿದರೆ ಅದು ಏಳಲೊಲ್ಲದು. ಮೆತ್ತನೆಯ ಪಿವಿಸಿ, ಮೆತ್ತಗಿರಲೆಂದು ಬೆರೆಸಿದ ಎಣ್ಣೆ ವರ್ಷಗಟ್ಟಲೆ ಮೆಲ್ಲಗೆ ಹೊರಗೆ ಜಿನುಗಿ ಪಾದವೆಲ್ಲ ಅಂಟಂಟಾಗಿತ್ತು, ಮೈ ಬಿರುಸಾಗತೊಡಗಿತ್ತು. ಬೆರಳಲ್ಲಿ ಮೀಟಿ ಬಿಡಿಸಿದೆ. ಹಲಗೆಯ ಬಿಳಿ ಪೇಂಟಿನಲ್ಲಿ ನಾಲ್ಕು ಹೆಜ್ಜೆ ಇಳಿದಿದ್ದವು. ಒಂದು ಸ್ವಲ್ಪ ಮುಂದೆ, ನಡೆಯಲು ಹೊರಟಿದ್ದ ಹಾಗೆ.