ಆಯ್ದ ಅಕ್ಕಿ, ಕದ್ದ ಗಂಟೆ

ದಾವಣಗೆರೆಯ ಚೌಕಿಪೇಟೆಯಲ್ಲಿ ನನ್ನ ರಿಪೇರಿ ಅಂಗಡಿಗೆ ಈಗ 31 ವರ್ಷ. ರೇಡಿಯೊ, ಟೇಪ್‌ರೆಕಾರ್ಡರ್ ಕಾಲ ಮುಗಿಯಿತು. ಈಗ ಬರುವುದೆಲ್ಲ ಮಿಕ್ಸಿ, ಫ್ಯಾನು, ಎಲ್‌ಇಡಿ ಬಲ್ಬು. ಪ್ರತಿ ಅಮಾವಾಸ್ಯೆ ಸೋಲ್ಡರಿಂಗ್ ಐರನ್ನಿಗೂ ಮೀಟರಿಗೂ ವಿಭೂತಿ ಹಚ್ಚಿ ಕಾಯಿ ಒಡೆಯುತ್ತೇನೆ. ಕಾಯಕಕ್ಕಿಂತ ದೊಡ್ಡ ಪೂಜೆ ಇಲ್ಲವೆಂದು ನಂಬಿದ ಮನೆತನ ನಮ್ಮದು.

ಹೋದ ವರ್ಷ ಪಕ್ಕದ ಓಣಿಯ ಅಜ್ಜಿಯೊಬ್ಬರು 9 ವ್ಯಾಟಿನ ಬಲ್ಬು ತಂದರು. ವಾರಂಟಿ ಎರಡು ವರ್ಷ, ಕೊಂಡು ಎರಡು ವರ್ಷ ಮೂರು ತಿಂಗಳು. ಮೇಲಿನ ಬಿಳಿ ಟೊಪ್ಪಿಗೆ ಕಿತ್ತೆ. ಒಳಗೆ ಒಂಬತ್ತು ಎಲ್‌ಇಡಿ ಚಿಪ್ಪು. ಒಂದರ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮಿಕ್ಕ ಎಂಟಕ್ಕೂ ಟೆಸ್ಟರ್ ಮುಟ್ಟಿಸಿದೆ. ಒಂದೊಂದೂ ಹೊಸದರಂತೆ ಹತ್ತಿತು. ಒಂದರ ಬಾಲಕ್ಕೊಂದು ಜೋಡಿಸಿರುವುದರಿಂದ ಒಂದು ಸುಟ್ಟರೆ ಎಲ್ಲಕ್ಕೂ ಕತ್ತಲೆ. ಹಳೆಯ ಬಲ್ಬಿನದೊಂದು ಚಿಪ್ಪು ಕೂರಿಸಿ, ಹದಿನೈದು ರೂಪಾಯಿ ತೆಗೆದುಕೊಂಡು ಕಳಿಸಿದೆ.

ಆ ಚಿಪ್ಪನ್ನು ಕೊಂದದ್ದು ಬಿಸಿ. ಕಡಿಮೆ ಚಿಪ್ಪು ಹಾಕಿ ಹೆಚ್ಚು ಬೆಳಕು ಹಿಂಡಬೇಕೆಂದರೆ ಒಂದೊಂದಕ್ಕೂ ಹೆಚ್ಚು ಕರೆಂಟು ಕುಡಿಸಬೇಕು. ಬೇರೆ ದಾರಿ ಇಲ್ಲವೆ? ಇದೆ. 2016ರಲ್ಲಿ ದುಬೈ ನಗರಸಭೆಯ ಜೊತೆ ಸೇರಿ ಫಿಲಿಪ್ಸ್ ಕಂಪನಿ ಒಂದು ಬಲ್ಬು ಮಾಡಿತು. ಎಲ್‌ಇಡಿ ಹೆಚ್ಚು, ಒಂದೊಂದಕ್ಕೂ ಕರೆಂಟು ಕಡಿಮೆ; ಒಂದು ವ್ಯಾಟಿಗೆ 200 ಲ್ಯೂಮೆನ್ ಬೆಳಕು. ಮೊದಲಿಗೆ ಅದನ್ನು ಮಾರಿದ್ದು ದುಬೈಯಲ್ಲಿ ಮಾತ್ರ. ಅಂದರೆ ಬಾಳುವ ಬಲ್ಬು ಮಾಡಲು ಬೇಕಾದ ವಿದ್ಯೆ ಜಗತ್ತಿನಲ್ಲಿದೆ. ನಮ್ಮ ಓಣಿಯ ಅಜ್ಜಿಯ ತನಕ ಅದು ಬರುವುದಿಲ್ಲ.

ಬಲ್ಬಿನ ಆಯುಸ್ಸು ಕತ್ತರಿಸುವ ಈ ಚಾಳಿ ನೂರು ವರ್ಷ ಹಳೆಯದು. 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಜರ್ಮನಿಯ ಓಸ್ರಾಮ್, ಹಾಲೆಂಡಿನ ಫಿಲಿಪ್ಸ್ ಮತ್ತಿತರ ಬಲ್ಬು ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಊರು, ದೇಶಗಳನ್ನು ಹಂಚಿಕೊಂಡವು. ಪೈಪೋಟಿ ಅಲ್ಲಿಗೇ ಸತ್ತಿತು. ಆಮೇಲೆ 1500, 2000 ಗಂಟೆ ಉರಿಯುತ್ತಿದ್ದ ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಿದವು. ಬಲ್ಬಿನೊಳಗಿನ ತಂತಿ ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು, ಆಯುಸ್ಸು ಕಡಿಮೆ, ಇದು ನಿಜವೇ. ಪ್ರಖರ ಬೆಳಕಿಗಾಗಿ ಹಾಗೆ ಮಾಡಿದೆವೆಂಬ ವಾದದಲ್ಲೂ ಸ್ವಲ್ಪ ಹುರುಳಿದೆ. ಆದರೆ ಪ್ರತಿ ಕಾರ್ಖಾನೆಯ ಬಲ್ಬನ್ನೂ ಸ್ವಿಟ್ಜರ್ಲೆಂಡಿನ ಲ್ಯಾಬಿನಲ್ಲಿ ಉರಿಸಿ ನೋಡಿ, ಹೆಚ್ಚು ಬಾಳಿದರೆ ಸ್ವಿಸ್ ಫ್ರಾಂಕಿನಲ್ಲಿ ದಂಡ ಹಾಕುತ್ತಿದ್ದರಲ್ಲ, ಅದು ಯಾವ ಬೆಳಕಿಗಾಗಿ? ಎರಡನೆಯ ಮಹಾಯುದ್ಧ ಬಂದ ಮೇಲೆಯೇ ಆ ಕೂಟ ಚದುರಿದ್ದು.

ನನ್ನ ನಿದ್ದೆ ಕೆಡಿಸುವವರು ಆ ಕಾರ್ಖಾನೆಗಳ, ಆ ಲ್ಯಾಬಿನ ಒಳಗಿನ ಜನ. ಸರಿಯಾಗಿ 1000 ಗಂಟೆಗೆ ಬಲ್ಬು ಸಾಯುವಂತೆ ಮಾಡುವುದು ಸುಲಭದ ಕೆಲಸವಲ್ಲ. ಹೊತ್ತಿಗೆ ಸರಿಯಾಗಿ ಬಂದು, ತಂತಿಯ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಮೈಮುರಿದು ದುಡಿದಿರುತ್ತಾರೆ. ಅದು ಕಾಯಕವೇ? ಶ್ರದ್ಧೆಯಿಂದ ದುಡಿದರೆ ಸಾಕೆನ್ನುವುದಾದರೆ ಹೌದೆನ್ನಬೇಕಾಗುತ್ತದೆ. ನನ್ನ ಬಾಯಿ ಹೌದೆನ್ನಲಾರದು.

ಹನ್ನೆರಡನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಯ ಕತೆಯನ್ನು ನಮ್ಮವ್ವ ಹೇಳುತ್ತಿದ್ದಳು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಕದ್ದದ್ದಲ್ಲ, ಯಾರನ್ನೂ ಹೆದರಿಸಿ ಕಿತ್ತುಕೊಂಡದ್ದಲ್ಲ. ಬಿದ್ದದ್ದನ್ನೇ ಬಗ್ಗಿ ಆಯ್ದದ್ದು. ಬೆವರೂ ಅವನದೇ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇದು ಆಸೆಯ ಅಕ್ಕಿ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದಳು. ಅವಳು ನೋಡಿದ್ದು ಗಂಡನ ದುಡಿಮೆಯನ್ನಲ್ಲ, ಅಳತೆಯನ್ನು. ತಮಗೆ ಬೇಕಾದುದಕ್ಕಿಂತ ಮೇಲಿನ ಒಂದು ಹಿಡಿ ಇನ್ನೊಬ್ಬರದು ಎಂಬ ಲೆಕ್ಕ ಅವಳಿಗೆ ಒಲೆಯ ಮುಂದೆ ಕೂತೇ ಗೊತ್ತಿತ್ತು. ದಾಸೋಹವೆಂದರೆ ಅದೇ ಲೆಕ್ಕ.

ಬೇಗ ಸಾಯುವ ವಸ್ತು ಮಾಡಿ ಗಳಿಸಿದ ಮೇಲಿನ ಹಿಡಿಯ ಭಾರ ಈಗ ಯಾರ ಮೇಲೆ ಬೀಳುತ್ತಿದೆ? 2022ರಲ್ಲಿ ಜಗತ್ತು ಎಸೆದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾದ ಕ್ರಮದಲ್ಲಿ ಮರುಬಳಕೆಗೆ ಹೋಗಿದೆ ಎನ್ನಲು ಅದರ ನಾಲ್ಕನೆಯ ಒಂದು ಪಾಲಿಗೂ ದಾಖಲೆ ಇಲ್ಲ. ನನ್ನ ಅಂಗಡಿಯ ಸತ್ತ ಬೋರ್ಡುಗಳನ್ನು ಒಯ್ಯುವ ಗುಜರಿ ಹುಡುಗನ ಅಂಗೈ ನೋಡಿದ್ದೇನೆ. ವೈರು ಸುಟ್ಟು ತಾಮ್ರ ತೆಗೆದು ತೆಗೆದು ಗೆರೆಗಳೇ ಕಪ್ಪಾಗಿವೆ. ಜಿನೀವಾದ ಲೆಕ್ಕಪುಸ್ತಕದಲ್ಲಿ ಆ ಅಂಗೈಗೆ ಕಾಲಂ ಇರಲಿಲ್ಲ.

ನನ್ನ ಮಗನೂ ಎಂಜಿನಿಯರ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಮಿಕ್ಸಿ ಮೋಟಾರಿನ ಕೆಲಸ. ಸಾಲ ಮಾಡಿ ಓದಿಸಿದ್ದು. ಕಳೆದ ಅಮಾವಾಸ್ಯೆಗೆ ಬಂದಾಗ, ಪೂಜೆ ಮುಗಿದ ಮೇಲೆ, ಅವನೇ ಮಾತು ತೆಗೆದ.

"ಅಪ್ಪಾ, ವಾರಂಟಿ ದಾಟಿದರೆ ಸಾಕು ಅಂತಾರೆ. ಅದಕ್ಕಿಂತ ಗಟ್ಟಿ ಮಾಡಿದ್ರೆ, ಈ ಖರ್ಚು ಯಾಕೆ ಬೇಕಿತ್ತು ಅಂತ ಕೇಳ್ತಾರೆ."

"ನೀನೇನಂತಿ?"

"ಇಎಂಐ ಐತಲ್ಲಪ್ಪ."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಅವ್ವ ಊಟಕ್ಕೆ ಬಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಮಾರಯ್ಯನಿಗೆ ಅಕ್ಕಿ ತಿರುಗಿ ಸುರಿಯೋಕೆ ಒಂದು ಅಂಗಳ ಇತ್ತು," ಎಂದಳು. "ಇವನು ಎಲ್ಲಿ ಸುರೀಬೇಕು, ಹೇಳ್ರಿ."

ನಾನು ಹೇಳಲಿಲ್ಲ. ಮಗ ಊಟ ಮುಗಿಸಿ ಅಂಗಡಿಗೆ ಬಂದ. ಹಿಂದಿನ ದಿನ ಬಂದಿದ್ದ ಸುಟ್ಟ ಮಿಕ್ಸಿಯೊಂದನ್ನು ಬಿಚ್ಚಿ, ಅದರ ಬುಶ್ಶನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುತ್ತ ಕೂತ.